ಓಗೊಡುವ ಕೆಲಸ

ನಮ್ಮಮ್ಮ ಕೊರಟಗೆರೆಯಲ್ಲಿ ಕೇಳಿದವರಿಗೆಲ್ಲ "ಮಗಳು ಕೆಮಿಕಲ್ ಫ್ಯಾಕ್ಟ್ರೀಲಿ ಅವ್ಳೆ" ಎಂದೇ ಹೇಳುವುದು. ಸುಳ್ಳೇನಲ್ಲ. ಆ ಕೆಮಿಕಲ್ಲನ್ನು ಜನ ಗ್ಲಾಸಿಗೆ ಬಗ್ಗಿಸಿಕೊಂಡು ಕುಡಿಯುತ್ತಾರೆ ಅನ್ನುವುದನ್ನು ಮಾತ್ರ ನುಂಗಿಕೊಳ್ಳುತ್ತಾಳೆ. ಶಿರಾ–ಮಧುಗಿರಿ ರಸ್ತೆಯಿಂದ ಒಂದಷ್ಟು ಒಳಕ್ಕೆ, ನುಚ್ಚಕ್ಕಿ ಬೇಯಿಸಿ, ಹುಳಿ ಬರಿಸಿ, ಸ್ಪಿರಿಟ್ ಇಳಿಸುವ ಡಿಸ್ಟಿಲರಿ ನಮ್ಮದು. ನಾನು ಅಲ್ಲಿ ಲ್ಯಾಬಿನ ಕೆಮಿಸ್ಟು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೊಬ್ಬರು "ಹೆಣ್ಣು ಹೆಂಡದ ಕೆಲ್ಸಕ್ಕೆ ಹೋಗ್ತದಂತೆ" ಎಂದು ಉಪ್ಪಿಟ್ಟು ತಿನ್ನುತ್ತಲೇ ಮುಖ ಕಿವುಚಿದರು. "ಕುಡಿಯೋದು ನಿಮ್ಮ ಮಗ, ಅಳತೆ ನೋಡೋದು ನಾನು, ಇದ್ರಲ್ಲಿ ಯಾರು ನಾಚ್ಕೋಬೇಕು?" ಎಂದೆ. ಸಂಬಂಧ ಅಲ್ಲಿಗೇ ಮುಗಿಯಿತು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಈಗಲೂ ಬೈಯುತ್ತಾಳೆ. ಇಷ್ಟು ಬಾಯಿ ಇರುವವಳು ಒಂದು ಸಲ, ಬಾಯಿ ತೆರೆಯಲೇಬೇಕಾದ ಹೊತ್ತಿನಲ್ಲಿ, ಮುಚ್ಚಿಕೊಂಡು ನಿಂತೆ. ಅದನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಆಫೀಸಿನವರು ಬಂದು ಗೇಟಿನ ಮುಂದೆ ಒಂದು ದೊಡ್ಡ ಬೋರ್ಡು ನಿಲ್ಲಿಸಿದರು: "ನಮ್ಮ ಗುರಿ ಸೊನ್ನೆ." ಫ್ಯಾಕ್ಟರಿ ಕಾರ್ಬನ್ ನ್ಯೂಟ್ರಲ್ ಆಗಬೇಕಂತೆ. ಆಕಾಶಕ್ಕೆ ನಾವು ಬಿಡುವ ಇಂಗಾಲವೆಷ್ಟು, ಬಿಡದೆ ಉಳಿಸುವುದೆಷ್ಟು, ಒಂದರಲ್ಲಿ ಇನ್ನೊಂದನ್ನು ಕಳೆದರೆ ಕೆಳಗೆ ಸೊನ್ನೆ ಬರಬೇಕು. "ಸೊನ್ನೆಗೆ ಇಷ್ಟೊಂದು ಜನ ಯಾಕವ್ವ? ನಮ್ಮ ಇಸ್ಕೂಲ್ ಮೇಷ್ಟ್ರು ಒಬ್ರೇ ಹಾಕೋರು" ಎಂದು ಕ್ಲೀನಿಂಗ್ ಗ್ಯಾಂಗಿನವರು ನಕ್ಕರು. ಆದರೆ ಕೆಲಸವೇನೋ ನಡೆಯಿತು. ಬಾಯ್ಲರಿಗೆ ಕಲ್ಲಿದ್ದಲು ನಿಂತು, ಶಿರಾದ ಮಿಲ್ಲುಗಳಿಂದ ಕಡಲೆಕಾಯಿ ಸಿಪ್ಪೆ ಲಾರಿಗಟ್ಟಲೆ ಬರತೊಡಗಿತು. ಕರೆಂಟು ಪಾವಗಡದ ಸೋಲಾರಿನಿಂದ ಎಂದರು. ನಮ್ಮಕ್ಕನನ್ನು ಕೊಟ್ಟಿರುವುದು ಅಲ್ಲೇ ಕ್ಯಾತಗಾನಚೆರ್ಲಿಗೆ, ಅವರ ಹೊಲವೂ ಸೋಲಾರಿಗೆ ಹೋಗಿದೆ. ಅವಳು ಫೋನಿನಲ್ಲಿ, ಆ ಕಡೆಯ ತೆಲುಗು ಬೆರೆಸಿ, "ಏಮೇ, ನಮ್ಮ ಹೊಲದ ಬಿಸ್ಲಲ್ಲಿ ನಿಮ್ಮ ಸಾರಾಯಿ ಬೇಯ್ತದಂತೆ? ನಂಗೊಂದು ಬಾಟ್ಲಿನಾದ್ರೂ ಕಳ್ಸೇ" ಎಂದು ರೇಗಿಸುತ್ತಿದ್ದಳು.

ಕೊನೆಗೆ ಉಳಿದದ್ದು ತೊಟ್ಟಿಗಳ ಗ್ಯಾಸು. ನುಚ್ಚಿನ ಗಂಜಿ ಹುಳಿ ಬರುವಾಗ ದೋಸೆ ಹಿಟ್ಟು ಉಕ್ಕಿದ ಹಾಗೆ ಉಕ್ಕುತ್ತದೆ, ಅದರಿಂದ ಇಂಗಾಲದ ಗ್ಯಾಸು ಬುಳುಬುಳು ಏಳುತ್ತದೆ. ಮೊದಲೆಲ್ಲ ತೊಟ್ಟಿಗಳ ಬಾಯಿ ತೆರೆದೇ ಇರುತ್ತಿತ್ತು, ಗ್ಯಾಸು ಸೂರಿನಾಚೆ ಹೋಗುತ್ತಿತ್ತು. ಈಗ ಆರು ತೊಟ್ಟಿಗೂ ಮುಚ್ಚಳ ಹಾಕಿ, ಆರಕ್ಕೂ ಸೇರಿಸಿ ಒಂದೇ ಪೈಪು ಎಳೆದು, ಗ್ಯಾಸನ್ನು ಹಿಡಿದು ಸಿಲಿಂಡರಿಗೆ ತುಂಬಿ ಸೋಡಾ ಮಾಡುವವರಿಗೆ ಕಳುಹಿಸುತ್ತಿದ್ದೆವು. "ಒಂದು ಗುಟುಕು ಗ್ಯಾಸೂ ಆಚೆ ಹೋಗಬಾರದು" ಎನ್ನುವುದು ನಮ್ಮ ಮ್ಯಾನೇಜರರ ಮಂತ್ರ. ಆ ಗ್ಯಾಸಿಗೆ ಬಣ್ಣವಿಲ್ಲ. ಗಾಳಿಗಿಂತ ಭಾರ, ನೀರಿನ ಹಾಗೆ ತಳದಲ್ಲಿ ಕೂರುತ್ತದೆ. ತೊಟ್ಟಿಯೊಳಗೆ ಅದು ತುಂಬಿರುವಾಗ ಮನುಷ್ಯ ಇಳಿದರೆ ಮೂರನೇ ಉಸಿರಿಗೆ ಮೊಣಕಾಲು ಮಡಚಿಕೊಳ್ಳುತ್ತದೆ. ಅದಕ್ಕೇ ತೊಳೆಯುವ ಮೊದಲು ಬ್ಲೋವರ್ ಹಾಕಿ ಗಾಳಿ ಆಡಿಸಬೇಕು, ಮೀಟರ್ ಇಳಿಸಿ ನೋಡಬೇಕು, ಆಮೇಲೆ ಒಬ್ಬರು "ಇಳಿಯಬಹುದು" ಎಂದು ಸಹಿ ಹಾಕಬೇಕು. ಆ ಸಹಿ ನನ್ನ ಪಾಲಿಗೆ ಬಂದಿತ್ತು.

ಇಳಿಯುವ ಕೆಲಸ ಮಧುಗಿರಿ ಕಡೆಯ ಒಬ್ಬ ಹಿರಿಯರದು. ಅರವತ್ತರ ಹತ್ತಿರದ ಮನುಷ್ಯ, ಹಗ್ಗ ಹೊಸೆದಂಥ ಮೈ. ನಾವೆಲ್ಲ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆವು. ಹುಡುಗರಾಗಿದ್ದಾಗ ಅವರು ಊರಿನ ಹಗೇವುಗಳಿಗೆ ಇಳಿಯುತ್ತಿದ್ದವರು. ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಮೇಲೆ ಚಪ್ಪಡಿ. ವರ್ಷಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ಚಪ್ಪಡಿ ಸರಿಸಿ ಒಂದು ದಿನ ಬಿಟ್ಟು, ಪುಟ್ಟಿಯಲ್ಲಿ ದೀಪ ಇಟ್ಟು ಹಗ್ಗದಲ್ಲಿ ಇಳಿಸಬೇಕು. ದೀಪ ಆರಿದರೆ ಇಳಿಯುವಂತಿಲ್ಲ. ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿಯಬೇಕು, ಮೇಲೊಬ್ಬರು ಹಗ್ಗ ಹಿಡಿದು "ಓ..." ಎಂದು ಕೂಗುತ್ತಲೇ ಇರಬೇಕು, ಕೆಳಗಿನವನು "ಓ..." ಎಂದು ಓಗೊಡಬೇಕು. ಯಾರು ಕೂಗಿದರೂ ಇನ್ನೊಬ್ಬರು ಎಂಜಲು ನುಂಗುವಷ್ಟರಲ್ಲಿ ಓಗೊಡಬೇಕು. ನಿಂತಿತೋ, ಎಳಿ. ಬಗ್ಗಿ ನೋಡುವಂತಿಲ್ಲ, ಇಳಿದು ನೋಡುವಂತಿಲ್ಲ. "ಒಬ್ಬನ್ ಹಿಂದೆ ಇನ್ನೊಬ್ಬ ಇಳಿದ್ರೆ ಎರಡು ಹೆಣ ಕಣವ್ವ" ಎನ್ನುತ್ತಿದ್ದರು ದೊಡ್ಡಪ್ಪ. ಮಾತು ಬೆಳ್ಳಿ, ಮೌನ ಬಂಗಾರ ಎಂದವನು ಯಾವನೋ, ಹಗೇವಿಗೆ ಇಳಿದವನಂತೂ ಅಲ್ಲ.

ಆ ಶುಕ್ರವಾರ ಹನ್ನೊಂದು ಗಂಟೆಗೆ ಆಡಿಟರ್ ಬರುವವರಿದ್ದರು. ಸೊನ್ನೆ ಬಂತೋ ಇಲ್ಲವೋ ಎಂದು ನೋಡಿ ಸರ್ಟಿಫಿಕೇಟ್ ಕೊಡುವವರು ಅವರೇ. ಐದನೇ ತೊಟ್ಟಿ ಹಿಂದಿನ ದಿನವಷ್ಟೇ ಖಾಲಿಯಾಗಿತ್ತು. ಅದನ್ನು ತೊಳೆದು ತುಂಬಿಸಿದರೆ ಆರಕ್ಕೆ ಆರೂ ಓಡುತ್ತಿರುವುದನ್ನು ತೋರಿಸಬಹುದು. ಬ್ಲೋವರ್ ಹಿಂದಿನ ಸಂಜೆಯಿಂದ ಓಡಿತ್ತು, ಅದೇನೋ ಸರಿ. ಆದರೆ ತೊಟ್ಟಿಯನ್ನು ಆ ಒಂದೇ ಪೈಪಿನಿಂದ ಬಿಡಿಸಿ, ನಡುವೆ ತಗಡು ಕೂರಿಸಿದ ಮೇಲೇ ಮನುಷ್ಯ ಇಳಿಯಬೇಕು ಎನ್ನುವುದು ನಿಯಮ. ಇಲ್ಲದಿದ್ದರೆ ಪಕ್ಕದ ತೊಟ್ಟಿಯ ಗ್ಯಾಸು ಹಿಂದಕ್ಕೆ ನುಗ್ಗಬಹುದು. ತಗಡು ಕೂರಿಸಲು ಅರ್ಧ ಗಂಟೆ ಪೈಪು ನಿಲ್ಲಿಸಬೇಕು, ಅಷ್ಟು ಹೊತ್ತು ಉಳಿದ ಐದು ತೊಟ್ಟಿಯ ಗ್ಯಾಸು ಆಕಾಶಕ್ಕೆ ಬಿಡಬೇಕು.

"ಇವತ್ತೊಂದು ದಿನ ಬೇಡಮ್ಮ. ವಾಲ್ವ್ ಮುಚ್ಚಿದೆಯಲ್ಲ, ಸಾಕು" ಎಂದರು ಮ್ಯಾನೇಜರ್.

"ಸರ್, ಆ ವಾಲ್ವಲ್ಲಿ ಗಂಜಿ ನೊರೆ ಒಣಗಿ ಕಟ್ಕೊಂಡಿರುತ್ತೆ. ಪೂರ್ತಿ ಕೂರಲ್ಲ."

"ನಿನ್ನ ಕೈಲಿ ಮೀಟರ್ ಇದೆ. ನೋಡು. ಸರಿಯಿಲ್ಲ ಅಂದ್ರೆ ನಾನೇ ನಿಲ್ಲಿಸ್ತೀನಿ."

ಅವರು ಕೆಟ್ಟ ಮನುಷ್ಯರಲ್ಲ, ಅದೇ ನನಗೆ ಇವತ್ತಿಗೂ ಸಿಟ್ಟು. ಕೆಟ್ಟವರಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಮೀಟರನ್ನು ಹಗ್ಗದಲ್ಲಿ ತಳದವರೆಗೆ ಇಳಿಸಿದೆ. ಗಾಳಿ ಚೆನ್ನಾಗಿಯೇ ಇತ್ತು. ಮೂರು ಸಲ ನೋಡಿದೆ, ಮೂರು ಸಲವೂ ಚೆನ್ನಾಗಿಯೇ ಇತ್ತು. ಸಹಿ ಹಾಕಿದೆ. ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ.

ದೊಡ್ಡಪ್ಪ ತೊಟ್ಟಿಯ ಮೇಲಿನ ಕಬ್ಬಿಣದ ಅಟ್ಟಕ್ಕೆ ಹತ್ತಿ ಬಂದು, ಸೊಂಟಕ್ಕೂ ಹೆಗಲಿಗೂ ಬೆಲ್ಟು ಬಿಗಿದುಕೊಂಡು, ಮೀಟರಿನ ಕಡೆ ಒಂದು ಸಲ ನೋಡಿದರು. "ಅದೇನೋ ಪೆಟ್ಟಿಗೆ ಹೇಳ್ತದೆ ಅಂತೀಯ. ಒಂದು ದೀಪ ಇಳಿಸ್ಬಾರ್ದಾ ಕಣವ್ವ? ಕಣ್ಣಾರೆ ಕಾಣ್ತದೆ."

ನನಗೆ ರೇಗಿಹೋಯಿತು. "ದೊಡ್ಡಪ್ಪ! ಇದು ಸ್ಪಿರಿಟ್ ಫ್ಯಾಕ್ಟ್ರಿ. ಇಲ್ಲಿ ದೀಪ ಹಚ್ಚಿದ್ರೆ ನೀನೂ ಇರಲ್ಲ, ನಾನೂ ಇರಲ್ಲ. ಬುಕ್ಕಾಪಟ್ಟಣದ ಕಾಡಲ್ಲಿರೋ ಜಿಂಕೆಗ್ಳೂ ಎದ್ದು ಓಡ್ತವೆ!"

"ಆಯ್ತು ಬುಡು, ಕಚ್ಚಕ್ಕೆ ಬರಬ್ಯಾಡ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹಗ್ಗದ ತುದಿಯನ್ನು ನನ್ನ ಕೈಗೇ ಕೊಟ್ಟರು. "ದೀಪ ಬ್ಯಾಡ ಅಂದೆ, ಒಪ್ಕಂಡೆ. ಓ ಅನ್ನದು ಮಾತ್ರ ಬುಡಬ್ಯಾಡ. ಆಕಾಸ ಕಳಚ್ಕಂಡು ಬಿದ್ರೂ ಬುಡಬ್ಯಾಡ."

"ಬಿಡಲ್ಲ ಹೋಗು" ಎಂದೆ.

ಆ ತೊಟ್ಟಿಗೆ ಇರುವುದು ಮೇಲೊಂದೇ ಬಾಯಿ. ಬ್ಲೋವರಿನ ಪೈಪನ್ನು ತೆಗೆದರೇ ಮನುಷ್ಯ ತೂರಲು ಜಾಗ. ಪೈಪು ತೆಗೆದೆವು, ಅವರು ಏಣಿ ಇಳಿದರು. ಇದ್ದದ್ದು ಒಂದೇ ಮೀಟರ್. ಅದನ್ನು ಅವರ ಜೊತೆಯಲ್ಲೇ ಕಳುಹಿಸಬೇಕಿತ್ತು, ಆದರೆ ಆಡಿಟರಿಗೆ ತೋರಿಸಬೇಕೆಂದು ಆಫೀಸಿನವರು ಬಂದು ತೆಗೆದುಕೊಂಡು ಹೋದರು. ಹತ್ತೇ ನಿಮಿಷ ಎಂದರು. ನಾನು ಕೊಟ್ಟೆ. ಕೆಳಗೆ ಬ್ರಷ್ಷು ಉಜ್ಜುವ ಸದ್ದು, ನೀರಿನ ಪೈಪಿನ ಸದ್ದು. ನಾನು "ಓ..." ಅಂದರೆ ಅವರು "ಓ..." ಅನ್ನುತ್ತಿದ್ದರು, ಉಕ್ಕಿನ ತೊಟ್ಟಿ ಗುಂಯ್ ಎನ್ನುತ್ತಿತ್ತು. ಅಟ್ಟದ ಆ ತುದಿಯಲ್ಲಿ ನಟ್ಟು ಬಿಗಿಯುತ್ತಿದ್ದ ನಮ್ಮ ಫಿಟ್ಟರ್ ಭಾಯಿ, ಶಿರಾದವರು, "ಏನ್ ಮೇಡಂ, ಕೋಗಿಲೆ ಜೊತೆ ಸವಾಲಾ?" ಎಂದು ಛೇಡಿಸಿದರು. "ನೀವೂ ಇಳೀರಿ ಭಾಯಿ, ಕಾಗೆ ಸ್ವರಾನೂ ಕೇಳೋಣ" ಎಂದೆ. ಒಳಗಿನಿಂದ ದೊಡ್ಡಪ್ಪ ನಕ್ಕಿದ್ದೂ ಕೇಳಿಸಿತು.

ಆಡಿಟರ್ ಹತ್ತೂವರೆಗೇ ಬಂದುಬಿಟ್ಟರು.

ಮ್ಯಾನೇಜರ್ ಅವರನ್ನು ಕರೆದುಕೊಂಡು ಒಂದನೇ ತೊಟ್ಟಿಯ ಪಕ್ಕ ಅಟ್ಟ ಹತ್ತಿದರು. ಬಿಳಿ ಹೆಲ್ಮೆಟ್, ಕೈಯಲ್ಲಿ ಟ್ಯಾಬು, ಮೆತ್ತಗಿನ ಮಾತಿನ ಮನುಷ್ಯ. ನಾನು "ಓ..." ಎಂದೆ. ಮ್ಯಾನೇಜರ್ ತಿರುಗಿ ನೋಡಿ ತುಟಿಯ ಮೇಲೆ ಬೆರಳಿಟ್ಟರು. ದನ ಕಾಯುವವರ ಹಾಗೆ ಕಿರುಚುತ್ತಾಳಲ್ಲ ಎಂದು ಅವರಿಗೆ ಅನ್ನಿಸಿರಬೇಕು. ನಿಜ ಹೇಳಬೇಕೆಂದರೆ ನನಗೂ ನಾಚಿಕೆಯಾಯಿತು. ಓದಿದ ಹುಡುಗಿ, ಸೇಫ್ಟಿ ಪುಸ್ತಕದ ಮೇಲೆ ಸಹಿ ಹಾಕುವವಳು, ಬೆಂಗಳೂರಿನವರ ಮುಂದೆ ಹಗೇವಿನ ಕೂಗು ಕೂಗುವುದೇ? ದನಿ ಇಳಿಸಿದೆ. ಅವರು ಎರಡನೇ ತೊಟ್ಟಿಗೆ ಬಂದರು, ಮೂರಕ್ಕೆ ಬಂದರು. ನಾನು ಸುಮ್ಮನಾದೆ.

ಕೆಳಗಿನಿಂದ "ಓ..." ಎಂದು ಬಂತು.

ನನಗೆ ಕೇಳಿಸಿತು. ಹಗ್ಗ ಹಿಡಿಯದ ಕೈಯನ್ನು ತೊಟ್ಟಿಯ ಬಾಯಿಯ ಕಡೆ ಎತ್ತಿ, ಮಕ್ಕಳನ್ನು ಸುಮ್ಮನಿರಿಸುವ ಹಾಗೆ "ಇರು" ಎಂದು ಆಡಿಸಿದೆ. ಹದಿನೈದಡಿ ಕೆಳಗಿರುವವರಿಗೆ ನನ್ನ ಕೈ ಕಾಣುತ್ತದೆಯೇ! ಅಷ್ಟರಲ್ಲಿ ಆಡಿಟರ್ ನನ್ನ ಮುಂದೆಯೇ ಬಂದು ನಿಂತು, ತೊಟ್ಟಿಗೆ ಜನ ಇಳಿಸುವ ಮೊದಲು ಏನೇನು ನೋಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮ್ಯಾನೇಜರ್ ನನ್ನತ್ತ ನೋಡಿ ತಲೆಯಾಡಿಸಿದರು, ಹೇಳು ಎಂಬಂತೆ. ನಾನು ಹೇಳತೊಡಗಿದೆ. ಬ್ಲೋವರ್, ಮೀಟರ್, ಮೂರು ಸಲದ ಪರೀಕ್ಷೆ, ಹಗ್ಗ, ಬೆಲ್ಟು. ನಡುವೆ ಇನ್ನೊಂದು ಸಲ "ಓ" ಎಂದು ಬಂತು, ಗಿಡ್ಡಗೆ. ನಾನು ವಾಕ್ಯ ಮುಗಿಸಿದೆ. ಆ ವಾಕ್ಯ ಯಾವುದು ಎನ್ನುವುದೂ ನೆನಪಿದೆ: ಒಳಗಿರುವವರ ಜೊತೆ ಹೊರಗಿನವರು ಸದಾ ಸಂಪರ್ಕದಲ್ಲಿರುತ್ತಾರೆ ಎಂದು ಹೇಳುತ್ತಿದ್ದೆ. ಥೂ, ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಬ್ರಷ್ಷಿನ ಸದ್ದು ನಿಂತಿರುವುದು ಆಗ ಗೊತ್ತಾಯಿತು. ನೀರಿನ ಸದ್ದೊಂದೇ ಇತ್ತು.

"ಓ..." ಎಂದೆ.

ಇಲ್ಲ.

"ಓ... ದೊಡ್ಡಪ್ಪಾ..."

ನೀರು ಸುರಿಯುತ್ತಲೇ ಇತ್ತು. ಫಿಟ್ಟರ್ ಭಾಯಿ ಸ್ಪ್ಯಾನರ್ ಎಸೆದು ಓಡಿ ಬಂದು, "ಯಾ ಅಲ್ಲಾ" ಎನ್ನುತ್ತ ಏಣಿಗೆ ಕಾಲಿಟ್ಟೇಬಿಟ್ಟಿದ್ದರು. ಅವರ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆಳೆದೆ. "ಇಳೀಬೇಡಿ! ಎರಡು ಹೆಣ ಆಗ್ತವೆ! ಹಗ್ಗ ಹಿಡೀರಿ!" ಎಂದು ಅರಚಿದೆ. ನನ್ನ ದನಿಗೆ ಹೆದರಿಯೇ ಅವರು ನಿಂತದ್ದು ಎಂದು ಆಮೇಲೆ ಹೇಳಿದರು.

ಎಳೆದೆವು. ಹಗ್ಗ ಬಿಗಿಯಾಯಿತು, ಬರಲಿಲ್ಲ. ಪ್ರಜ್ಞೆಯಿಲ್ಲದ ಮೈ ಎಷ್ಟು ಭಾರ ಎನ್ನುವುದು ಎಳೆದವರಿಗೇ ಗೊತ್ತು. ಆಗ ಆಡಿಟರ್ ಟ್ಯಾಬನ್ನು ಅಟ್ಟದ ಜಾಲರಿಯ ಮೇಲೆ ಬಿಸುಟು ನನ್ನ ಹಿಂದೆ ನಿಂತು ಹಗ್ಗಕ್ಕೆ ಕೈ ಹಾಕಿದರು. ಮೂವರೂ ಕಾಲು ಊರಿ ಎಳೆದೆವು. ಒಂದಡಿ ಬಂತು, ಜಾರಿತು. ಅಂಗೈ ಉರಿಯಿತು. "ಗ್ಯಾಸ್ ಬರ್ತಾನೇ ಇದೆ, ಪೈಪ್ ಬಿಡ್ಸಿ, ಪೈಪ್!" ಎಂದೆ. ಮ್ಯಾನೇಜರ್ ಒಂದು ಗಳಿಗೆ ಕಲ್ಲಿನ ಹಾಗೆ ನಿಂತಿದ್ದರು, ಆಮೇಲೆ ಓಡಿಹೋಗಿ ಎರಡೂ ಕೈಯಲ್ಲಿ ದೊಡ್ಡ ವಾಲ್ವ್ ತಿರುಗಿಸಿದರು. ಐದು ತೊಟ್ಟಿಯ ಗ್ಯಾಸು ಬುಸ್ಸೆಂದು ಸೂರಿನಾಚೆಗೆ, ಆಕಾಶಕ್ಕೆ ಹೋಯಿತು. ಒಂದು ಗುಟುಕೂ ಹೋಗಬಾರದು ಎಂದವರೇ ಅಷ್ಟನ್ನೂ ಬಿಟ್ಟರು. ಅವರ ಮುಖದಲ್ಲಿ ನೀರಿಳಿಯುತ್ತಿತ್ತು.

ತಲೆ ಕಂಡಿತು, ಹೆಗಲು ತೊಟ್ಟಿಯ ಬಾಯಿಗೆ ಸಿಕ್ಕಿಹಾಕಿಕೊಂಡಿತು. ಭಾಯಿ ಒಂದು ತೋಳು ಮೇಲಕ್ಕೆತ್ತಿ ಓರೆಯಾಗಿ ಜಗ್ಗಿದರು. ಅಟ್ಟದ ಮೇಲೆ ಮಲಗಿಸಿದಾಗ ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು, ಕಣ್ಣು ಅರ್ಧ ತೆರೆದಿತ್ತು. ಭಾಯಿ ಎದೆ ಒತ್ತಿದರು, ಒತ್ತಿದರು. ಎಷ್ಟು ಹೊತ್ತೋ ಗೊತ್ತಿಲ್ಲ. ನಾನು ದೊಡ್ಡಪ್ಪನ ಕಿವಿಯ ಹತ್ತಿರ ಬಗ್ಗಿ "ಓ, ಓ, ಓ" ಎನ್ನುತ್ತಲೇ ಇದ್ದೆನಂತೆ. ಕೊನೆಗೆ ಗೊರಕೆಯಂಥ ಒಂದು ಸದ್ದು ಬಂತು, ಆಮೇಲೆ ಕೆಮ್ಮು, ವಾಂತಿ. ಫ್ಯಾಕ್ಟರಿಯ ಜೀಪಿನಲ್ಲೇ ಶಿರಾದ ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ಮಧ್ಯಾಹ್ನದ ಮೇಲೆ ಡಾಕ್ಟರು ಜೀವಕ್ಕೆ ತೊಂದರೆಯಿಲ್ಲ ಎಂದಾಗ ಭಾಯಿ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತರು. ನನಗೆ ಅಳು ಬರಲಿಲ್ಲ. ಎಲ್ಲರೂ ನನ್ನ ಕೈಯ ಬೊಬ್ಬೆ ನೋಡಿ, "ನೀವಿಲ್ಲದಿದ್ರೆ ಮುಗ್ದೇಹೋಗಿತ್ತು" ಎನ್ನುತ್ತಿದ್ದರು.

ವಿಚಾರಣೆ ನಡೆಯಿತು. ಆ ವರ್ಷ ಸರ್ಟಿಫಿಕೇಟ್ ಬರಲಿಲ್ಲ. ಗ್ಯಾಸು ಬಿಟ್ಟದ್ದಕ್ಕಲ್ಲ, ತಗಡು ಹಾಕದೆ ಮನುಷ್ಯನನ್ನು ಇಳಿಸಿದ್ದಕ್ಕೆ. ಆಡಿಟರ್ ಅದನ್ನೇ ಬರೆದರು, ಅವರ ಬಗ್ಗೆ ನನಗೆ ಗೌರವವಿದೆ. ಈಗ ತಗಡು ಹಾಕದೆ ಯಾರೂ ಇಳಿಯುವುದಿಲ್ಲ, ಮೀಟರ್ ಆರು ಬಂದಿವೆ, ಅರ್ಧ ಗಂಟೆಯ ಗ್ಯಾಸನ್ನು ಆಕಾಶಕ್ಕೇ ಬಿಡುತ್ತೇವೆ. ಆ ಅರ್ಧ ಗಂಟೆಯನ್ನೂ ಲೆಕ್ಕದಲ್ಲಿ ತೋರಿಸಿಯೇ ಸೊನ್ನೆಗೆ ಹೋಗಬೇಕು ಎಂದು ಮ್ಯಾನೇಜರೇ ಹಟ ಹಿಡಿದಿದ್ದಾರೆ. ನನ್ನ ಹೇಳಿಕೆಯಲ್ಲಿ ತಗಡಿನ ಮಾತು ಬರೆದೆ, ಮೀಟರ್ ಕೊಟ್ಟದ್ದೂ ಬರೆದೆ. ಇನ್ನೊಂದು ಸಾಲು ಹೀಗೆ ಬರೆದೆ: "ನಾನು ಕೂಗಿದಾಗ ಒಳಗಿನಿಂದ ಉತ್ತರ ಬರಲಿಲ್ಲ." ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದನ್ನು ಓದಿದ ಯಾರೂ ಇನ್ನೇನೂ ಕೇಳಲಿಲ್ಲ.

ಎರಡು ವಾರ ಬಿಟ್ಟು ಮೂಸಂಬಿ, ಬ್ರೆಡ್ಡು ಹಿಡಿದು ದೊಡ್ಡಪ್ಪನ ಮನೆಗೆ ಹೋದೆ. ಹಗಲು ಹೊತ್ತು, ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹೆಂಡತಿ ನನ್ನ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. "ನಮ್ಮನೆ ದೇವ್ರು ಕಣವ್ವ ನೀನು" ಎಂದಳು. ನನಗೆ ಆ ಕೈ ಕಿತ್ತುಕೊಂಡು ಓಡಿಹೋಗೋಣ ಅನ್ನಿಸಿತು. ಊಟ ಮಾಡಿಸದೆ ಬಿಡುವುದಿಲ್ಲವೆಂದು ಅವಳು ಮುದ್ದೆ ತಿರುವಲು ಒಳಗೆ ಹೋದಳು. ದೊಡ್ಡಪ್ಪ ಫ್ಯಾಕ್ಟರಿ ಸುದ್ದಿ ಕೇಳಿದರು, ಭಾಯಿಯನ್ನು ಕೇಳಿದರು. ಕಂಪನಿಯವರು ಬೇರೆ ಕೆಲಸ ಕೊಡುತ್ತೇವೆ ಅಂದಿದ್ದಾರೆ, ತಗಡು ಹಾಕುತ್ತಾರೆಂದರೆ ತೊಟ್ಟಿಯ ಕೆಲಸಕ್ಕೇ ಬಂದರೂ ಬರಬಹುದು ಎಂದರು. ಆಮೇಲೆ ದನಿ ತಗ್ಗಿಸಿದರು.

"ಒಂದು ಮಾತು ಕೇಳ್ಬೇಕಿತ್ತು ಕಣವ್ವ. ಅವತ್ತು ನೀನು ಓ ಅನ್ನದು ನಿಂತೋಯ್ತು. ಮ್ಯಾಲೆ ನಿಂಗೇನೋ ಆಯ್ತು ಅಂತ ನಂಗೆ ದಿಗಿಲಾಯ್ತು. ನಾನೇ ಕೂಗ್ದೆ. ಎರಡು ಸಲ ಕೂಗ್ದೆ. ಏಣಿ ತಾವ ಬರಾನ ಅಂದ್ಕಂಡೆ, ಕಾಲು ಬರ್ಲಿಲ್ಲ." ನನ್ನ ಕಡೆ ತಿರುಗಿದರು. "ನಿಂಗೆ ಕೇಳಿಸ್ನಿಲ್ವಾ?"

ಇಲ್ಲ ಎನ್ನಬಹುದಿತ್ತು. ನೀರಿನ ಸದ್ದಿತ್ತು, ಜನ ಮಾತಾಡುತ್ತಿದ್ದರು, ನಂಬುತ್ತಿದ್ದರು. ಅವರ ಹೆಂಡತಿ ಒಳಗಿನಿಂದ "ಬರ್ರವ್ವ, ಮುದ್ದೆ ಆರೋಯ್ತದೆ" ಎಂದು ಕರೆದಳು.

"ಕೇಳಿಸ್ತು ದೊಡ್ಡಪ್ಪ. ಎರಡು ಸಲಾನೂ ಕೇಳಿಸ್ತು. ಆಡಿಟರ್ ಇದ್ರು, ನಾಚ್ಕೊಂಡು ಸುಮ್ನಾದೆ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಗೋಡೆ ಹಿಡಿದು ನಿಧಾನಕ್ಕೆ ಎದ್ದು ನಿಂತರು.

"ಸರಿ ಬುಡು, ನಿಜ ಹೇಳ್ದೆ. ಏಳು, ಉಣ್ಣು" ಎಂದರು. ಬಾಗಿಲ ತನಕ ಹೋದವರು ತಿರುಗದೆಯೇ ಅಂದರು, "ಕೇಳಿಸ್ನಿಲ್ಲ ಅಂದಿದ್ರೆ ಇನ್ನೊಂದ್ಸಲ ನಿನ್ನ ಹಗ್ಗ ನಂಬ್ಕಂಡು ಇಳೀತಿದ್ದೆ ಕಣವ್ವ."